ಮಾವ ಸೈಡ್ ಕೊಟ್ಟದ್ದು

ಪೆಟ್ರೋಲಿಗೆ ಕೆಂಪು ಧೂಳು ಬೆರೆತ ವಾಸನೆ ಬಂದರೆ ಇಂದಿಗೂ ಬ್ರಹ್ಮಾವರದ ಕಾರ್ ರೇಸಿನ ಬಯಲು ನೆನಪಾಗುತ್ತದೆ.

ಹಾಲಾಡಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮಾವ, ಬೆಳಿಗ್ಗೆ ಕಾರುಗಳನ್ನು ಒಂದೊಂದಾಗಿ ಓಡಿಸಿ ಸಮಯ ನೋಡಿದಾಗ, ಮೂರನೇ ವರ್ಷವೂ ಎಲ್ಲರಿಗಿಂತ ಮುಂದಿದ್ದರು. ಆದರೆ ಮಧ್ಯಾಹ್ನದ ನಿಜವಾದ ರೇಸನ್ನು ಈ ಸಲವೂ ಗೆಲ್ಲದಿದ್ದರೆ ರೇಸು ಸಾಕು ಎಂದು ಅಜ್ಜಯ್ಯ ಹೇಳಿಯಾಗಿತ್ತು.

ಊಟದ ನಂತರ ಎಲ್ಲ ಕಾರುಗಳೂ ಒಟ್ಟಿಗೆ ಹೊರಟವು. ಕೊನೆಯ ಸುತ್ತಿನಲ್ಲೂ ಮಾವನೇ ಮೊದಲು. ಹಿಂದಿನ ಕಾರು ಹಾರ್ನ್ ಹಾಕಿತು. ಮಾವನ ಬಲಗೈ ಕಿಟಕಿಯಿಂದ ಹೊರಬಂದು, ಮುಂದೆ ಹೋಗಿ ಎಂದು ಬೀಸಿತು. ಮಾವನ ಕಾರು ಎಡಕ್ಕೆ ಸರಿಯಿತು. "ಬಿಡ್ಬೇಡಿ ಮಾವಾ!" ಎಂದು ಬಯಲಿನ ಅಂಚಿಗೆ ಕಟ್ಟಿದ ಹಗ್ಗ ಹಿಡಿದು ಕೂಗಿದೆ. ಇಂಜಿನ್ನುಗಳ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ. ಹಿಂದಿನ ಕಾರು ದಾಟಿ ಗೆದ್ದಿತು.

"ಎಂತಕೆ ಸೈಡ್ ಕೊಟ್ಟದ್ ಮಾರಾಯಾ?" ಎಂದರು ಅಜ್ಜಯ್ಯ, ಕಾರಿನಿಂದ ಇಳಿದ ಮಾವನಿಗೆ.

"ಹಾರ್ನ್ ಹಾಕ್ರ್ ಅಲ್ದಾ ಅಪ್ಪಯ್ಯ. ಕೈ ನನ್ ಮಾತ್ ಕೇಣ್ಲಿಲ್ಲೆ."

ಅಜ್ಜಯ್ಯ ಮಾವನ ಹೆಲ್ಮೆಟ್ಟನ್ನು ನನ್ನ ಕೈಗಿಟ್ಟರು. "ಇನ್ ಇದ್ ನಿಂಗ್ ಆಡುಕೆ ಆಯ್ತ್."

ಒಳಗೆ ಮಾವನ ಬೆವರು ಇನ್ನೂ ಬಿಸಿಯಾಗಿತ್ತು.