ನಲವತ್ತು ಜನರ ಎದುರು ನಖ್ಲೆ

ಮಾವ ನಖ್ಲೆಯ ಕಣ್ಣಿಗೆ ಬೀಳಬಾರದೆಂದು ನುಹಾದ್ ಆ ಬೆಳಿಗ್ಗೆ ಎರಡು ವಸ್ತುಗಳನ್ನು ಬಚ್ಚಿಟ್ಟಳು. ಹಕ್ಕಿ ಹೊಡೆಯುವ ಕೋವಿಯನ್ನು ಕಂಬಳಿಗಳ ನಡುವೆ ತುರುಕಿದಳು. ತಾನು ಗುಟ್ಟಾಗಿ ತಿನ್ನಲು ಹಾಕಿಟ್ಟಿದ್ದ ಟರ್ನಿಪ್ ಗೆಡ್ಡೆಯ ಉಪ್ಪಿನಕಾಯಿ ಜಾಡಿಯನ್ನು ಪಕ್ಕದ ಮನೆಯಲ್ಲಿದ್ದ ಅಕ್ಕ ತಕ್ಲಾಳ ಕೈಗೆ ಕೊಟ್ಟು, "ಇವತ್ತೊಂದಿನ ಇಟ್ಕೊ" ಎಂದಳು.

ಕೋವಿಯನ್ನು ಏಕೆ ಎಂದು ಯಾರೂ ಕೇಳಲಿಲ್ಲ. ಮಗಳು ಮೀರ್ನಾಳನ್ನು ಮದುವೆಗೆ ಕೇಳಲು ಬರುತ್ತಿದ್ದವರು ಯುದ್ಧಕಾಲದಲ್ಲಿ ಬೀದಿಯ ಆಚೆ ಬದಿಗಿದ್ದವರು. ಉಪ್ಪಿನಕಾಯಿಯದು ಮಾತ್ರ ಮನೆಯೊಳಗಿನ ವಿಷಯ. ಬೀಟ್‌ರೂಟ್ ಹಾಕಿ ಕೆಂಪಾದ ಆ ಹೋಳುಗಳನ್ನು ಕಂಡರೆ ಅಜ್ಜ ನಖ್ಲೆ ಊಟ ಬಿಟ್ಟು ಎದ್ದುಬಿಡುತ್ತಿದ್ದ. ಆ ಕೆಂಪು ಅವನಿಗೆ ರಕ್ತವನ್ನು ನೆನಪಿಸುತ್ತದೆಂದು ಮನೆಯವರೆಲ್ಲ ಬಲ್ಲರು. ಬೈರೂತಿನಲ್ಲಿ ಆ ಉಪ್ಪಿನಕಾಯಿಯಿಲ್ಲದೆ ಊಟಕ್ಕೆ ಕೂರುವ ಮನೆ ಅದೊಂದೇ ಇದ್ದೀತು.

ಆ ರಕ್ತದ ಕಥೆ ಅಂತರ್ಯುದ್ಧದ ಕೊನೆಯ ಚಳಿಗಾಲದ್ದು. ಒಂದೇ ಇಗರ್ಜಿಗೆ ಹೋಗುತ್ತಿದ್ದವರು ಎರಡು ಪಕ್ಷವಾಗಿ ಬಡಿದಾಡಿಕೊಂಡ ಕಾಲ. ಸಾಮಾನ್ಯ ಸಿಪಾಯಿಯಾಗಿದ್ದ ನಖ್ಲೆಯನ್ನು ದಿನಸಿ ವ್ಯಾಪಾರಿಯೊಬ್ಬನ ಗೋದಾಮು ಕಾಯಲು ನಿಲ್ಲಿಸಿ, ಅವನ ನಾಯಕರು ಅವನನ್ನು ಮರೆತರು. ಎದುರು ಕಟ್ಟಡದಲ್ಲಿ ಶತ್ರುಗಳು ನಲವತ್ತು ಜನ, ಇತ್ತ ನಖ್ಲೆ ಒಬ್ಬನೇ. ಶಿಸ್ತಿನ ಶತ್ರುಗಳು, ದಾಳಿ ದಿನಾ ಮುಸ್ಸಂಜೆಗೇ. ಕತ್ತಲಾಗುವ ತನಕ ಗುಂಡಿನ ಸದ್ದು. ದೂರದಲ್ಲಿ ಕೂತ ಎರಡೂ ಕಡೆಯ ನಾಯಕರು ಅದನ್ನು ಕೇಳಿ ತಲೆದೂಗುತ್ತಿದ್ದರಂತೆ. ಕೊನೆಗೊಮ್ಮೆ ಕೈಕೈ ಮಿಲಾಯಿಸಿದಾಗ ಶತ್ರುವಿನ ಬಾಕು ನಖ್ಲೆಯ ಅಂಗೈಯನ್ನು ಸೀಳಿತು. ಆ ಗಾಯದ ಗುರುತನ್ನು ಮೊಮ್ಮಕ್ಕಳೆಲ್ಲ ಹಲ್ಲು ಬರುವ ಮೊದಲೇ ಮುಟ್ಟಿ ನೋಡಿದ್ದರು. ಮಗ ತಾನಿಯೋಸ್ ಆ ಕಥೆಯನ್ನು ಪ್ರತಿ ಭಾನುವಾರ ಅಪ್ಪನಿಗಿಂತ ಚೆನ್ನಾಗಿ ಹೇಳುತ್ತಿದ್ದ.

ಇಂಥ ಮನೆಯ ಹುಡುಗಿ ಆಚೆ ಬದಿಯ ಝಿಯಾದನನ್ನು ಮೆಚ್ಚಿಕೊಂಡಿದ್ದಳು.

"ಅವರು ನಮ್ಮ ಮನೇಲಿ ಕೂತು ಯುದ್ಧದ ಮಾತು ತೆಗೆಯೋದು ನನಗೆ ಬೇಡ. ನಾನು ಸತ್ತ ಮೇಲೆ ಕೊಟ್ಕೊಳ್ಳಿ," ಎಂದಿದ್ದ ನಖ್ಲೆ.

"ಸರಿ ಅಜ್ಜ. ಅಲ್ಲೀತನಕ ನಿನ್ನ ಪಕ್ಕದಲ್ಲೇ ಕೂತು ಮುದುಕಿ ಆಗ್ತೀನಿ," ಎಂದಿದ್ದಳು ಮೀರ್ನಾ. ಅವಳು ಹಟಮಾರಿ, ಹೇಳಿದಂತೆ ಮಾಡುವವಳು. ನಖ್ಲೆಗೂ ಅವಳೆಂದರೆ ಜೀವ. ಅವಳ ಬಾಡಿದ ಮುಖ ಅವನಿಗೆ ನೋಡಲಾಗುತ್ತಿರಲಿಲ್ಲ. ಪಾದ್ರಿ ನಡುವೆ ಬಂದು ಒತ್ತಾಯಿಸಿದ ಮೇಲೆ ಅರ್ಧ ದಾರಿ ಇಳಿದ.

"ಬರಲಿ. ಕಾಫಿ ಇಡಿ. ಆರಲಿ. ಎದ್ದು ಹೋಗಲಿ."

ಹೆಣ್ಣು ಕೇಳಲು ಬಂದವರು, ಹೆಣ್ಣಿನ ಕಡೆಯ ಹಿರಿಯ 'ಕುಡಿಯಿರಿ' ಎನ್ನುವ ತನಕ ಕಾಫಿ ಮುಟ್ಟುವುದಿಲ್ಲ. ಹಾಗೆ ಹೇಳಿದರೆ ಒಪ್ಪಿಗೆ. ಅನ್ನದಿದ್ದರೆ ತುಂಬಿದ ಬಟ್ಟಲು ಹಾಗೇ ವಾಪಸು.

ಸಂಜೆ ಬಂದರು. ಮುಂದೆ ಪಾದ್ರಿ, ಹಿಂದೆ ಝಿಯಾದ್ ಮತ್ತು ಅವನ ಅಪ್ಪ ಅಮ್ಮ. ಎಲ್ಲರಿಗಿಂತ ಕೊನೆಗೆ ಕೋಲೂರಿಕೊಂಡು ಹುಡುಗನ ಅಜ್ಜ ದೀಬ್. ಅವನೂ ಬರುವನೆಂದು ನಖ್ಲೆಗೆ ಯಾರೂ ಹೇಳಿರಲಿಲ್ಲ. ಹೊಸ್ತಿಲಲ್ಲಿ ದೀಬ್ ನಿಂತುಬಿಟ್ಟ. ನಖ್ಲೆಯ ಮುಖ ನೋಡಿ ಶಿಲುಬೆಯ ಗುರುತು ಮಾಡಿಕೊಂಡ. ನಖ್ಲೆಯ ಕೈಯಿಂದ ಮಣಿಸರ ಜಾರಿ ನೆಲಕ್ಕೆ ಬಿತ್ತು. ನುಹಾದ್ ಹೋಗಿ ಕಂಬಳಿಯ ಕಪಾಟಿಗೆ ಬೀಗ ಹಾಕಿ ಬಂದಳು.

ಕಾಫಿ ಬಂತು. ಯಾರೂ ಮುಟ್ಟಲಿಲ್ಲ.

"ಯುದ್ಧದಲ್ಲಿ ತಾವು ಎಲ್ಲಿದ್ರಿ?" ತಾನಿಯೋಸನ ನಾಲಿಗೆ ಸುಮ್ಮನಿರಲಿಲ್ಲ.

"ಗೋದಾಮಿನ ಎದುರು ಕಟ್ಟಡ," ಎಂದ ದೀಬ್. "ಮೂರನೇ ಮಹಡಿ."

ಮೀರ್ನಾ ಝಿಯಾದನನ್ನು ನೋಡಿದಳು, ಎಲ್ಲ ಮುಗಿಯಿತು ಎಂಬಂತೆ.

"ಅಲ್ಲಿ ನಲವತ್ತು ಜನ ಇದ್ರು ಅಂತಾರೆ ನಮ್ಮಪ್ಪ. ನಿಜವಾ?" ಎಂದ ತಾನಿಯೋಸ್.

ದೀಬ್ ನಖ್ಲೆಯ ಕಡೆ ತಿರುಗಿದ.

"ಸುಳ್ಳು," ಎಂದ.

ನಖ್ಲೆಯ ಮುಖ ಬಿಳಿಚಿಕೊಂಡಿತು.

"ನಲವತ್ತೆರಡು. ಇವರು ಸಂಕೋಚದ ಮನುಷ್ಯ, ಇಬ್ಬರನ್ನ ಬಿಟ್ಟು ಹೇಳಿದಾರೆ."

"ಈ ಕಡೆ ನಮ್ಮಪ್ಪ ಒಬ್ಬರೇ ತಾನೇ?"

"ಒಬ್ಬರೇ. ಇವರಂಥೋರನ್ನ ನಾನು ಮತ್ತೆಲ್ಲೂ ನೋಡಿಲ್ಲ."

ತಾನಿಯೋಸನ ಕಣ್ಣು ತುಂಬಿ ಬಂತು. ಶತ್ರುವಿನ ಬಾಯಿಂದಲೇ ಸಾಕ್ಷಿ ಸಿಕ್ಕಿತ್ತು. ವಾರವಿಡೀ ಭಾಷಣ ಬಾಯಿಪಾಠ ಮಾಡಿ ಬಂದಿದ್ದ ಪಾದ್ರಿ ಇದೇ ಸಮಯವೆಂದು ಗಂಟಲು ಸರಿಮಾಡಿಕೊಂಡ. "ದೇವರ ಹೆಸರಿನಲ್ಲಿ, ಈ ಎರಡು ಮನೆತನಗಳ..."

"ಕಾಫಿ ಕುಡೀರಿ," ಎಂದ ನಖ್ಲೆ.

"ನಾನಿನ್ನೂ ಕೇಳೇ ಇಲ್ಲವಲ್ಲ."

"ಕುಡೀರಿ ಫಾದರ್, ಆರುತ್ತೆ."

ಹುಡುಗನಿಗೆ ಮನೆಯಿದೆಯೇ, ಸಂಬಳವೆಷ್ಟು, ಒಂದನ್ನೂ ವಿಚಾರಿಸಲಿಲ್ಲ. ಮೀರ್ನಾ ಅಜ್ಜನ ಕೊರಳಿಗೆ ಜೋತುಬಿದ್ದಳು. ನುಹಾದ್ ನಾಲಿಗೆ ಹೊರಳಿಸಿ ಹರ್ಷದ ಕೂಗು ಹಾಕಿದಳು. ಆ ಕೂಗು ಕೇಳಿ ಪಕ್ಕದ ಮನೆಯಿಂದ ತಕ್ಲಾ ಓಡಿಬಂದಳು. ತಂಗಿ ಗಡಿಬಿಡಿಯಲ್ಲಿ ಜಾಡಿ ವಾಪಸು ಕೇಳಲು ಮರೆತಿದ್ದಾಳೆಂದು, ಅದರಲ್ಲಿದ್ದದ್ದನ್ನೆಲ್ಲ ತಟ್ಟೆಗೆ ಸುರಿದು, ತಂದು ಮುದುಕರಿಬ್ಬರ ನಡುವೆ ಇಟ್ಟಳು.

ಇಬ್ಬರೂ ಒಟ್ಟಿಗೆ ತಟ್ಟೆ ದೂಡಿದರು. ಇಬ್ಬರೂ ಒಟ್ಟಿಗೆ ಎದ್ದರು.

"ಅಯ್ಯೋ ನಮ್ಮಕ್ಕಾ," ಎಂದು ನುಹಾದ್ ತಟ್ಟೆ ಕಸಿದುಕೊಂಡಳು.

"ನೋಡಿದ್ರಾ?" ಪಾದ್ರಿ ಕಣ್ಣೊರೆಸಿಕೊಂಡ. ಭಾಷಣ ತಪ್ಪಿದ ದುಃಖವೂ ಅದರಲ್ಲಿ ಸೇರಿತ್ತು. "ಇಬ್ಬರ ಕಣ್ಣಲ್ಲೂ ಅದೇ ರಕ್ತ."

ಮುದುಕರು ಬಾಲ್ಕನಿಗೆ ಹೋಗಿ ಸಿಗರೇಟು ಹಚ್ಚಿದರು. ಒಳಗಿದ್ದವರು ಬಾಗಿಲು ಮುಂದೆ ಮಾಡಿದರು. ಹಳೆಯ ಶತ್ರುಗಳಿಗೆ ಆಡಿಕೊಳ್ಳಲು ಬೇಕಾದಷ್ಟಿರುತ್ತದೆ. ದೀಬ್ ನಖ್ಲೆಯ ಅಂಗೈ ಹಿಡಿದು ದೀಪಕ್ಕೆ ತಿರುಗಿಸಿ ನೋಡಿದ.

"ಶತ್ರುವಿನ ಬಾಕು ಅಂತ ಹೇಳಿದೀನಿ," ಎಂದ ನಖ್ಲೆ, ನೆಲ ನೋಡುತ್ತ.

"ಜಾಡಿ ಮುಚ್ಚಳಕ್ಕೆ ಒಳ್ಳೇ ಬಡ್ತಿ ಕೊಟ್ಟಿದೀಯ ಮಾರಾಯ," ಎಂದ ದೀಬ್. "ಏನಾದ್ರೂ ಹೇಳ್ಕೊ, ಮದುವೆ ಊಟಕ್ಕೆ ಮಾತ್ರ ಟರ್ನಿಪ್ ಬೇಡ, ದಿನಾ ಸಂಜೆ ಆಕಾಶಕ್ಕೆ ಗುಂಡು ಹೊಡೆದು, ಆ ಗೋದಾಮಿನಲ್ಲಿ ನೀನು ನಾನು ಇಬ್ಬರೇ ಒಂದೇ ಜಾಡಿಗೆ ಕೈ ಹಾಕಿ ಇಡೀ ಚಳಿಗಾಲ ಅದನ್ನೇ ತಿಂದದ್ದು ಇನ್ನೂ ಗಂಟಲಲ್ಲೇ ಇದೆ."