ಐದು ಮೀಟರಿನಲ್ಲಿ ಮೂರು ನಿಮಿಷ

ಹಡಗಿನ ದೋಣಿಯಿಂದ ಧಕ್ಕೆಗೆ ಇಳಿದ ಹೆಂಗಸನ್ನು ಕಂಡದ್ದೇ ಪೋಯೆರಾವಾಳ ಎದೆ ಧಸಕ್ಕೆಂದಿತು. ಐದು ವರ್ಷದ ಹಿಂದೆ ಇದೇ ಧಕ್ಕೆಯ ಮೇಲೆ ಹತ್ತು ದಿನದ ಕೂಸನ್ನು ಅವಳ ಕೈಗಿಟ್ಟು, ಹಿಂದೆ ತಿರುಗಿಯೂ ನೋಡದೆ ಹೋಗಿದ್ದ ತಿತಾಯಿನಾ. ಬೇರೆ ಯಾರೂ ಅಲ್ಲ, ಅವಳೇ.

ಕೂಸನ್ನು ಹೀಗೆ ಕೊಡುವುದು, ಪಡೆಯುವುದು ಆ ಹವಳದ ದ್ವೀಪಗಳಲ್ಲಿ ಹೊಸದೇನಲ್ಲ. ಕಾಗದವಿಲ್ಲ, ಸಹಿಯಿಲ್ಲ, ಎಲ್ಲ ಬಾಯಿಮಾತು. ಆದರೆ ಹೆತ್ತವಳು ಯಾವತ್ತು ಬಂದು ನಿಂತರೂ ಬಾ ಎನ್ನಬೇಕು, ಕೂಸನ್ನು ವಾಪಸು ಕೇಳಿದರೆ ಕೊಡಬೇಕು. ಇಲ್ಲ ಎಂದವಳ ಮುಖವನ್ನು ಊರಲ್ಲಿ ಯಾರೂ ನೋಡುವುದಿಲ್ಲ. ಈ ಪದ್ಧತಿ ಮಾಡಿದವನಿಗೆ ಮಕ್ಕಳಿದ್ದವೋ ಇಲ್ಲವೋ!

"ಚೆನ್ನಾಗಿದ್ದೀರಾ ಅಕ್ಕಾ?" ಎಂದಳು ತಿತಾಯಿನಾ. "ಈಗ ಹಡಗಿನಲ್ಲೇ ಬಟ್ಟೆ ಒಗೆಯೋ ಕೆಲಸ. ನಾಲ್ಕು ಗಂಟೆವರೆಗೆ ಬಿಟ್ಟಿದ್ದಾರೆ. ಮಗೂನ ನೋಡಬೇಕಿತ್ತು. ನಿಮ್ಮ ಹತ್ರ ಒಂದು ಮಾತೂ ಇತ್ತು."

"ಮಾತು ಆಮೇಲೆ. ನಿಮ್ಮ ಹಡಗಿನವರೇ ಆರು ಜನ ನೀರಿಗಿಳಿಯೋಕೆ ಕಾಯ್ತಿದ್ದಾರೆ. ನೀನೂ ಬಾ." ಪ್ರವಾಸಿಗರನ್ನು ಕಡಲಡಿಗೆ ಇಳಿಸಿ ತೋರಿಸುವುದು ಪೋಯೆರಾವಾಳ ಕೆಲಸ; ತಿತಾಯಿನಾ ಕಣ್ಣೆದುರು ಇರಲಿ ಎಂಬ ಲೆಕ್ಕ ಅವಳದು.

ಶಾಲೆಗೆ ರಜೆಯಿತ್ತು. ಆ ಕೂಸು, ಈಗ ಐದು ವರ್ಷದ ಹೆರೆನುಯಿ, ಪೋಯೆರಾವಾಳ ದೋಣಿಯಲ್ಲೇ ಕೂತು ಫಿರಿಫಿರಿ ಎಂಬ ಕರಿದ ಸಿಹಿ ತಿನ್ನುತ್ತ ಬಾಯೆಲ್ಲ ಸಕ್ಕರೆ ಮಾಡಿಕೊಂಡಿದ್ದಳು. ತಿತಾಯಿನಾ ಹೋಗಿ ಅವಳ ಪಕ್ಕದಲ್ಲೇ ಕೂತಳು. ಎರಡು ಮುಖದಲ್ಲೂ ಅದೇ ದಟ್ಟ ಹುಬ್ಬು.

"ಮನೇಲಿ ಇವಳೊಬ್ಬಳೇನಾ ಅಕ್ಕಾ? ಆಡೋಕೆ ಯಾರೂ ಇಲ್ವಾ?"

"ನಾನಿದ್ದೀನಲ್ಲ."

"ಅದು ಸರಿ. ಆದ್ರೂ ಒಬ್ಬಳೇ ಅಂದ್ರೆ ಬೇಜಾರಾಗುತ್ತಲ್ವಾ?"

ನೋಡಿ, ಹೇಗೆ ಸುತ್ತುಹಾಕಿ ಬರುತ್ತಿದ್ದಾಳೆ! ಪೋಯೆರಾವಾ ಹಲ್ಲು ಕಚ್ಚಿ ಉಸಿರಾಟದ ಗಾಳಿಯ ಸಿಲಿಂಡರುಗಳಿಗೆ ಬೆಲ್ಟು ಬಿಗಿದಳು.

ಆರು ಜನರನ್ನೂ ಹತ್ತಿಸಿಕೊಂಡು ಹೊರಟ ದೋಣಿ ಅಲೆಗೆ ಒಮ್ಮೆ ಎದ್ದು ಬಿತ್ತು. ತಿತಾಯಿನಾಳ ಚೀಲ ಮಗುಚಿತು. ಒಳಗಿಂದ ಒಂದು ಟೋಪಿ, ಒಂದು ಅಂಗಿ ಹೊರಬಿದ್ದವು. ಅಂಗೈಯಗಲದ ಅಂಗಿ. ತಿತಾಯಿನಾ ಅವಸರದಲ್ಲಿ ಬಾಚಿ ಒಳಗೆ ತುರುಕಿದಳು. ಅಯ್ಯೋ, ಮಗು ಬೆಳೆದಿದೆ ಅನ್ನೋದೂ ಇವಳ ತಲೆಗೆ ಹೊಳೆದಿಲ್ಲವಲ್ಲ ಎಂದು ಪೋಯೆರಾವಾಗೆ ಪಾಪ ಅನ್ನಿಸಿತು. ಮರುಗಳಿಗೆಗೆ ಹೆದರಿಕೆಯಾಯಿತು. ಐದು ವರ್ಷ ಆ ಕೂಸನ್ನೇ ಕಣ್ಣಲ್ಲಿ ಇಟ್ಟುಕೊಂಡವಳು ಬರಿಗೈಯಲ್ಲಿ ವಾಪಸು ಹೋಗುತ್ತಾಳೆಯೇ?

ಹವಳದ ದಿಬ್ಬದ ಕಂಡಿಯ ಬಳಿ ದೋಣಿ ನಿಂತಿತು. ಕಂಡಿಯಲ್ಲಿ ನೀರು ಹೊರಕ್ಕೆ ಎಳೆಯುತ್ತಿತ್ತು. ಅಂಚು ಬಿಟ್ಟು ನಾಲ್ಕು ಮಾರು ಆಚೆ ಹೋದವರು ಸೀದಾ ತೆರೆದ ಕಡಲಿಗೆ. ನೀರಿನಡಿ ಯಾರೂ ಕೂಗಲಾರರು. ಪೋಯೆರಾವಾ ಇನ್ನೊಂದು ಸಿಲಿಂಡರ್ ಎತ್ತಿ ತಿತಾಯಿನಾಳ ಮುಂದಿಟ್ಟಳು. ತನ್ನ ಮನಸ್ಸಿನಲ್ಲಿ ಸುಳಿದದ್ದಕ್ಕೆ ತಾನೇ ಬೆಚ್ಚಿದಳು. ಆದರೂ ಇಟ್ಟಳು.

"ಬೇಡ ಅಕ್ಕಾ, ನಾನು ಇಳಿಯೋ ಹಾಗಿಲ್ಲ. ನೀವು ಹೋಗಿಬನ್ನಿ. ನಾನು ಮಗು ಜೊತೆ ಇರ್ತೀನಿ."

ಮುತ್ತಿನ ಚಿಪ್ಪಿಗಾಗಿ ಉಸಿರು ಕಟ್ಟಿ ತಳ ಮುಟ್ಟುತ್ತಿದ್ದ ಮನೆತನದವಳು ಇವಳು. ಇಳಿಯೋ ಹಾಗಿಲ್ಲವಂತೆ!

"ಸಾಬೂನು ನೀರು ಮುಟ್ಟಿ ಮುಟ್ಟಿ ಉಪ್ಪುನೀರು ಮರೆತುಬಿಟ್ಟಿದ್ದಾಳೆ ಕಣೇ," ಎಂದು ನಕ್ಕ ಪುನುವಾ ಮಾವ. ದೋಣಿ ನಡೆಸುವವನು ಅವನು. ಯಾರು ಏನು ಕೇಳಿದರೂ ಹೂಂ ಎನ್ನುವ ಮನುಷ್ಯ.

"ಮಾವ, ಮಗು ಮೇಲೆ ಕಣ್ಣಿರಲಿ," ಎಂದು ಎರಡೆರಡು ಸಲ ಹೇಳಿ ಪೋಯೆರಾವಾ ಇಳಿದಳು.

ಕೆಳಗೆ ಶಾರ್ಕುಗಳು ಸಾಲಾಗಿ ಸಾಗಿದವು. ಆರು ಜನರೂ ಕೈಕೈ ಹಿಡಿದು ಕುಣಿದಾಡಿದರು. ಅವಳು ಮಾತ್ರ ಮತ್ತೆ ಮತ್ತೆ ಮೇಲೆ ನೋಡಿದಳು. ದೋಣಿಯ ತಳ ಅಲ್ಲೇ ಇತ್ತು.

ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ರಕ್ತಕ್ಕೆ ಸೇರಿದ ಗಾಳಿ ಇಳಿಯಬೇಕು. ಅವಸರ ಮಾಡಿದರೆ ಕೈಕಾಲು ಬಿದ್ದುಹೋದಾವು, ಪ್ರಾಣವೂ ಹೋದೀತು. ದೋಣಿಯಿಂದ ಇಳಿಬಿಟ್ಟ ಹಗ್ಗ ಹಿಡಿದು ಆರು ಜನರೂ ಅವಳ ಜೊತೆ ನಿಂತರು.

ಆಗ ಇನ್ನೊಂದು ದೋಣಿಯ ತಳ ತೇಲಿಬಂತು. ಬಿಳಿ ತಳ, ಹಡಗಿನ ದೋಣಿಯದು. ಅವಳ ದೋಣಿಗೆ ತಾಗಿ ನಿಂತಿತು. ಅವಳ ದೋಣಿ ಒಂದು ಕಡೆ ವಾಲಿ ನೆಟ್ಟಗಾಯಿತು. ಯಾರೋ ದಾಟಿದರು. ಸ್ವಲ್ಪ ತಡೆದು ಮತ್ತೊಮ್ಮೆ ವಾಲಿತು, ಈ ಸಲ ತೀರ ಹಗುರಾಗಿ.

ಇನ್ನೂ ಎರಡು ನಿಮಿಷ ಬಾಕಿ. ಅವಳು ಹಗ್ಗ ಬಿಟ್ಟರೆ ಆರು ಜನರೂ ಬಿಡುತ್ತಾರೆ. ಪೋಯೆರಾವಾ ಬಿಡಲಿಲ್ಲ. ನೀರಿನಡಿಯೇ ಅತ್ತಳು, ಮುಖಕ್ಕೆ ಕಟ್ಟಿದ ಕನ್ನಡಕದೊಳಗೇ ಕಣ್ಣೀರು ತುಂಬಿತು. ಬಿಳಿ ತಳ ದೂರವಾಗುತ್ತ ಮಾಯವಾಯಿತು.

ತಲೆ ಮೇಲೆತ್ತಿದಾಗ ದೋಣಿಯಲ್ಲಿ ಪುನುವಾ ಒಬ್ಬನೇ.

"ಮಗು ಎಲ್ಲಿ?"

"ಬಿಸಿಲಿಗೆ ತಿತಾಯಿನಾಗೆ ತಲೆ ಸುತ್ತು ಬಂತು. ಹಡಗಿನ ದೋಣಿ ಕರೆದು ಹತ್ತಿದಳು. ಮಗೂನೂ ಕರ್ಕೊಂಡು ಹೋಗ್ಲಾ ಅಂದಳು. ಹೆತ್ತವಳು ಕೇಳಿದ್ರೆ ಬೇಡ ಅನ್ನೋಕೆ ನಾನ್ಯಾರೇ?"

"ನಿನ್ನ ಮನೆ ಹಾಳಾಗ! ಹಡಗಿಗೆ ತಿರುಗಿಸು!"

ಆರು ಜನರೂ ದೋಣಿ ಹತ್ತುವಷ್ಟರಲ್ಲಿ ಹಡಗು ಸಿಳ್ಳೆ ಹಾಕಿತು. ಹೊರಡುವ ಮುಂಚಿನ ಮೊದಲ ಸಿಳ್ಳೆ. ದೋಣಿ ಧಕ್ಕೆಯ ಮುಂದೆ ಹಾಯುತ್ತಿದ್ದಾಗ ಪುನುವಾ ಕೈ ತೋರಿಸಿದ. ಹಡಗಿನ ದೋಣಿ ಇಳಿಸಿಹೋದ ಮೆಟ್ಟಿಲ ಮೇಲೆ ತಿತಾಯಿನಾ, ಹೆರೆನುಯಿ ಇಬ್ಬರೂ ಕೂತಿದ್ದರು. ದೋಣಿ ನಿಲ್ಲುವ ಮೊದಲೇ ಪೋಯೆರಾವಾ ಹಾರಿದಳು.

"ಕೊಡಲ್ಲ!" ಧಕ್ಕೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಊರು ಏನಾದ್ರೂ ಅಂದ್ಕೊಳ್ಳಲಿ, ಇವಳನ್ನ ಕೊಡಲ್ಲ!"

"ಇವಳನ್ನ ಯಾರು ಕೇಳಿದ್ರು ಅಕ್ಕಾ?" ತಿತಾಯಿನಾ ಹೆರೆನುಯಿಯ ಕೈ ಎತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಐದು ತಿಂಗಳು. ಇದೂ ಇವಳ ಜೊತೆ ನಿಮ್ಮ ಮನೇಲೇ ಬೆಳೆದೀತಾ ಅಂತ ಕೇಳೋಕೆ ಬಂದೆ."