ತೊಲೆ ಗಟ್ಟಿಯಾಗಿದೆ

"ಸ್ವಾಮಿ, ಒಳಗ್ ಬಂದು ತೊಲೆ ಒಂದ್ಸಲ ಮುಟ್ಟಿ ನೋಡ್ತೀನಿ, ಭಾರ ತಡೀತೈತಾ ಅಂತ. ಆಮೇಲೆ ಮಣ್ಣು ಹಾಕ್ತೀನಿ," ಎಂದು ಕ್ಯಾತ್ಸಂದ್ರದಿಂದ ಬಂದಿದ್ದ ಗಾರೆ ಕೆಲಸದ ಓಬಳಯ್ಯ ಮಾಳಿಗೆಯ ಮೇಲಿಂದ ಕೂಗಿದ.

ಕೆಳಗೆ ಅಡುಗೆಮನೆಯಲ್ಲಿ ನಿಂತಿದ್ದ ಸುಬ್ಬಕೃಷ್ಣ ತಾಯಿಯ ಮುಖ ನೋಡಿದ. ಬಿಡದೆ ಹಿಡಿದ ಮಳೆಗೆ ಉಪ್ಪಾರಹಳ್ಳಿಯ ಆ ಮಣ್ಣಿನ ಮಾಳಿಗೆ ನೆನೆದು, ಒಲೆಯ ಮೇಲೇ ಕೆಸರು ತೊಟ್ಟಿಕ್ಕುತ್ತಿತ್ತು. ಬೆಳಗಾದರೆ ತಂದೆಯ ತಿಥಿ.

"ಹಿತ್ತಲಿಂದ ಏಣಿ ಹತ್ತಿದಾನೆ, ಹಿತ್ತಲಿಗೇ ಇಳೀಲಿ," ಎಂದರು ಕೌಸಲ್ಯಮ್ಮ. "ಅವನು ಒಳಗೆ ಕಾಲಿಟ್ಟರೆ ನಾಳೆ ಇಲ್ಲಿ ಒಲೆ ಹೊತ್ತಲ್ಲ."

"ಅಮ್ಮ, ಈಗ ಕಾನೂನೇ ಬಂದಿದೆ. ಹಾಗೆಲ್ಲ..."

"ಕಾನೂನು ನಿನ್ನ ಆಫೀಸಲ್ಲಿಟ್ಕೋ. ಇದು ಅಡುಗೆಮನೆ ಕಣೋ. ನೀನೇ ನೋಡಿ ಹೇಳು, ಕಣ್ಣಿಲ್ವೆ?"

ಸುಬ್ಬಕೃಷ್ಣ ಮಣೆಯ ಮೇಲೆ ಮಣೆಯಿಟ್ಟು ಹತ್ತಿ, ಮಸಿ ಹಿಡಿದ ತೊಲೆಯನ್ನು ಸೌಟಿನ ಹಿಡಿಯಿಂದ ಚುಚ್ಚಿದ. ಗೋಡೆಯ ಹತ್ತಿರ ಹಿಡಿ ತುಸು ಒಳಗೆ ಹೋಯಿತು. ಮೆತ್ತಗಿರುವುದು ಮಸಿಯೋ, ಮರವೋ? ತಿಳಿಯಲಿಲ್ಲ. ತಿಳಿಯದು ಎಂದರೆ ಓಬಳಯ್ಯ ಇಳಿದು ಬರುತ್ತಾನೆ. ಅವನು ಬಂದರೆ ತಾಯಿ ತಿಥಿಯನ್ನೇ ನಿಲ್ಲಿಸುತ್ತಾರೆ.

"ಹೆಂಗೈತೆ ಸ್ವಾಮಿ?"

"ಗಟ್ಟಿಯಾಗಿದೆ," ಎಂದ. ದನಿ ತನಗೇ ಸಣ್ಣದಾಗಿ ಕೇಳಿತು. ಜೋರು ಮಾಡಿ ಇನ್ನೊಮ್ಮೆ ಹೇಳಿದ: "ಗಟ್ಟಿಯಾಗಿದೆ ಕಣಯ್ಯ, ಹಾಕು!"

ಓಬಳಯ್ಯ ಮೇಲೆ ಸೇರಿಸಿಟ್ಟಿದ್ದ, ನೀರು ತಡೆಯುವ ಚೌಳುಮಣ್ಣನ್ನು ಮಂಕರಿ ಮಂಕರಿ ಸುರಿದು ತುಳಿಯತೊಡಗಿದ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಂತಿತು. "ಇಷ್ಟಕ್ಕೆ ಒಳಗೆ ಬರ್ಬೇಕಿತ್ತಂತೆ, ಮಹಾರಾಯ!" ಎಂದು ಕೌಸಲ್ಯಮ್ಮ ನಗುತ್ತ ನಡುಮನೆಗೆ ಹೋದರು. ಸುಬ್ಬಕೃಷ್ಣನಿಗೂ ಹೋದ ಜೀವ ಬಂದಂತಾಯಿತು. ಮಣೆಗಳನ್ನು ಎತ್ತಿಕೊಂಡು ಅವನು ಹೊಸ್ತಿಲು ದಾಟುವಷ್ಟರಲ್ಲಿ ಹಿಂದೆ ಮರ ಲಟಕ್ಕೆಂದಿತು.

ಧೂಳು ಇಳಿದಾಗ ಸೂರಿನಲ್ಲಿ ಆಕಾಶ ಕಾಣುತ್ತಿತ್ತು. ಒಡೆದ ಒಲೆಯ ಪಕ್ಕ, ಮಣ್ಣಿನ ರಾಶಿಯಲ್ಲಿ ಓಬಳಯ್ಯ ಬಿದ್ದಿದ್ದ. ಒಂದು ಕಾಲು ಮಂಡಿಯ ಕೆಳಗೆ ಅಡ್ಡಕ್ಕೆ ತಿರುಗಿತ್ತು. ಸುಬ್ಬಕೃಷ್ಣ ಓಡಿಹೋಗಿ ಎತ್ತಲು ಬಾಗಿದ. ಬಾಗಿಲಲ್ಲಿ ತಾಯಿ ನಿಂತಿದ್ದರು. ಚಾಚಿದ ಕೈ ಅಲ್ಲೇ ನಿಂತಿತು.

ಓಬಳಯ್ಯ ಆ ಕೈಗೆ ಕಾಯಲಿಲ್ಲ. ಮೊಣಕೈಯೂರಿ, ಕಾಲನ್ನು ಎಳೆದುಕೊಂಡು, ಹಿತ್ತಲ ಬಾಗಿಲ ಕಡೆ ತೆವಳತೊಡಗಿದ್ದ.

"ತಪ್ಪಾಯ್ತು ಅಮ್ಮಾವ್ರೆ," ಎಂದ ಹಲ್ಲು ಕಚ್ಚಿಕೊಂಡು, "ಒಳಗ್ ಬಂದ್ಬುಟ್ಟೆ."